ಅಲಿಗೇಟರ್ ಕಣ್ಣಿಗೆ ನೀವೆಷ್ಟು ದೊಡ್ಡವರು?

ಪ್ರಶ್ನೆ: ನಾನು ದಾಂಡೇಲಿಯವನು, ಈಗ ಅಟ್ಲಾಂಟಾದಲ್ಲಿ ನೆಲೆಸಿದ್ದೇನೆ. ಏಪ್ರಿಲ್ ಮೊದಲ ವಾರದ ರಜೆಯಲ್ಲಿ ಜಾರ್ಜಿಯಾದ ದಕ್ಷಿಣದಲ್ಲಿರುವ ಒಕಿಫನೋಕಿ ಜೌಗಿನಲ್ಲಿ ಎರಡು ರಾತ್ರಿಯ ಕೆನೂ (ಹುಟ್ಟು ಹಾಕುವ ಕಿರಿದಾದ ದೋಣಿ) ಪ್ರವಾಸ ಮಾಡಿ, ಅಲ್ಲಿಂದ ಫ್ಲಾರಿಡಾಕ್ಕೆ ಇಳಿದು ಯಾವುದಾದರೂ ಚಿಲುಮೆಯಲ್ಲಿ ಈಜಬೇಕೆಂದಿದ್ದೇವೆ. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಐದು. ಜೊತೆಗೆ ಬರುವ ಸ್ನೇಹಿತರು ತಮ್ಮ ನಾಯಿಯನ್ನೂ ಕರೆತರುತ್ತಾರಂತೆ. ಊರಿನಿಂದ ಬಂದಿರುವ ಅಮ್ಮ ಕಾಳಿ ನದಿಯ ಮೊಸಳೆಗಳನ್ನು ಕಣ್ಣಾರೆ ಕಂಡವರು. ಮಕ್ಕಳನ್ನು ಅಂಥ ನೀರಿಗೆ ಒಯ್ಯುವುದು ಹುಚ್ಚುತನ ಎನ್ನುತ್ತಾರೆ. ಇಲ್ಲಿಯ ಗೆಳೆಯರು, ಆ ಜೌಗಿನಲ್ಲಿರುವುದು ಮೊಸಳೆಯ ಬಂಧುವಾದ ಅಲಿಗೇಟರ್, ಅದು ಬಲು ಸಾಧು, ಅದರ ಪಾಡಿಗೆ ಅದನ್ನು ಬಿಟ್ಟರೆ ಏನೂ ಮಾಡದು ಎನ್ನುತ್ತಾರೆ. ಅದು ಕೆನೂವನ್ನು ಮಗುಚೀತೇ? ಡೇರೆಯಲ್ಲಿ ನಿಶ್ಚಿಂತೆಯಿಂದ ಮಲಗಬಹುದೇ? ಈಜಬಹುದೇ?

ಉತ್ತರ:

ಪ್ರವಾಸಕ್ಕೆ ಹೋಗಿ. ಕೆನೂ ಸಾಗಿಸಬಹುದು, ಮರದ ಅಟ್ಟಣೆಯ ಮೇಲೆ ಡೇರೆ ಹಾಕಿ ಮಲಗಬಹುದು. ಜೌಗಿನ ನೀರಿಗೆ ಮಾತ್ರ ಯಾರೂ ಇಳಿಯಬಾರದು, ಮಕ್ಕಳಷ್ಟೇ ಅಲ್ಲ, ಎಷ್ಟೇ ಚೆನ್ನಾಗಿ ಈಜುವವರಾದರೂ ನೀವೂ ಇಳಿಯಬಾರದು. ಈಜನ್ನು ಫ್ಲಾರಿಡಾದ ಚಿಲುಮೆಗೆ ಮೀಸಲಿಡಿ, ಅಲ್ಲಿಯೂ ಹಗ್ಗ ಕಟ್ಟಿ ಗುರುತಿಸಿದ ಜಾಗದೊಳಗೆ, ಹಗಲಿನಲ್ಲಿ. ನಾಯಿ ಅಟ್ಲಾಂಟಾದಲ್ಲೇ ಉಳಿಯಲಿ.

ನಿಮ್ಮ ಗೆಳೆಯರ ಮಾತಿಗೆ ಅಂಕಿಅಂಶಗಳ ಬೆಂಬಲವಿದೆ. ಫ್ಲಾರಿಡಾದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ, ಆ ರಾಜ್ಯದ 67 ಕೌಂಟಿಗಳಲ್ಲಿ ಅವು ಇಲ್ಲದ ಕೌಂಟಿ ಒಂದೂ ಇಲ್ಲ. ಅಲ್ಲಿಯ ವನ್ಯಜೀವಿ ಆಯೋಗ 1948ರಿಂದ ಕಡಿತಗಳ ಲೆಕ್ಕ ಇಡುತ್ತಿದೆ. ಮನುಷ್ಯರು ಕೆಣಕದೆಯೇ ಕಚ್ಚಿ, ವೈದ್ಯರ ಆರೈಕೆ ಬೇಕಾದ ಪ್ರಕರಣಗಳು ಇತ್ತೀಚಿನ ದಶಕಗಳಲ್ಲಿ ವರ್ಷಕ್ಕೆ ಸರಾಸರಿ ಎಂಟರಷ್ಟು. ಇಷ್ಟು ವರ್ಷಗಳಲ್ಲಿ ಸತ್ತವರು ಮೂವತ್ತರ ಆಸುಪಾಸು. ಆ ರಾಜ್ಯದಲ್ಲಿ ಒಬ್ಬ ವ್ಯಕ್ತಿ ಹೀಗೆ ತೀವ್ರವಾಗಿ ಗಾಯಗೊಳ್ಳುವ ಸಾಧ್ಯತೆ 31 ಲಕ್ಷಕ್ಕೆ ಒಂದು ಎಂದು ಆಯೋಗ ಹೇಳುತ್ತದೆ.

ಆದರೆ ಈ 31 ಲಕ್ಷದಲ್ಲಿ ಮಯಾಮಿಯ ಇಪ್ಪತ್ತನೆಯ ಮಹಡಿಯಲ್ಲಿ ಕುಳಿತವರೂ ಇದ್ದಾರೆ, ವರ್ಷಗಟ್ಟಲೆ ಕೆರೆಯ ಕಡೆ ಮುಖ ಹಾಕದವರೂ ಇದ್ದಾರೆ. ನೀವು ಆ ಸರಾಸರಿಯ ಮನುಷ್ಯರಲ್ಲ. ನೀವು ಐದು ವರ್ಷದ ಮಗುವಿನೊಡನೆ ಮೂರು ದಿನ ಅಲಿಗೇಟರ್‌ಗಳ ನಡುವೆಯೇ ಇರುತ್ತೀರಿ. ಆದ್ದರಿಂದ ಸಂಖ್ಯೆಯನ್ನು ಪಕ್ಕಕ್ಕಿಟ್ಟು, ಆ ಪ್ರಾಣಿ ನಿಮ್ಮನ್ನು ಹೇಗೆ ನೋಡುತ್ತದೆ ಎಂಬುದನ್ನು ತಿಳಿಯಿರಿ. ಉಳಿದ ಎಲ್ಲ ನಿಯಮಗಳೂ ಅದರಿಂದಲೇ ಹುಟ್ಟುತ್ತವೆ.

ಅಲಿಗೇಟರ್ ಹೊಂಚಿ ಹಿಡಿಯುವ ಪ್ರಾಣಿ. ಮೈಯ ಬಿಸಿಯನ್ನು ಅದು ಬಿಸಿಲಿನಿಂದ ಪಡೆಯುತ್ತದೆ, ಶಕ್ತಿಯನ್ನು ಸುಮ್ಮನೆ ಖರ್ಚು ಮಾಡುವುದಿಲ್ಲ. ಒಂದು ಬೇಟೆಗೆ ನುಗ್ಗುವ ಮೊದಲು, ಅದು ತನ್ನಿಂದ ಆಗುವಷ್ಟು ಸಣ್ಣದೇ ಎಂದು ಅಳೆಯುತ್ತದೆ. ಅಳೆಯುವುದು ನೀರಿನ ಮಟ್ಟದಲ್ಲಿ ನಿಂತ ಕಣ್ಣುಗಳಿಂದ. ದಡದಲ್ಲಿ ನೆಟ್ಟಗೆ ನಿಂತ ಮನುಷ್ಯ ಆ ಕಣ್ಣಿಗೆ ಬೃಹತ್ ಪ್ರಾಣಿ. ಹದಿನಾರು ಅಡಿಯ ಕೆನೂ ಅದರಲ್ಲಿ ಕುಳಿತವರೊಡನೆ ಸೇರಿ ಇನ್ನೂ ಬೃಹತ್ತಾದ ಏನೋ ಒಂದು. ಅದೇ ಮನುಷ್ಯ ನೀರಿಗಿಳಿದು ಈಜತೊಡಗಿದರೆ ಮೇಲೆ ಕಾಣುವುದು ತಲೆ ಮಾತ್ರ, ಅಂದರೆ ಒಂದು ರಕೂನ್‌ನಷ್ಟು, ಒಂದು ನೀರುನಾಯಿಯಷ್ಟು ಗಾತ್ರ. ದಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಪಾತ್ರೆ ತೊಳೆಯುವ ಹೆಂಗಸು, ಬಗ್ಗಿ ಕಪ್ಪೆಮರಿ ಹುಡುಕುವ ಐದು ವರ್ಷದ ಹುಡುಗ, ನೀರು ಕುಡಿಯಲು ಕುತ್ತಿಗೆ ಚಾಚಿದ ನಾಯಿ, ಇವರೆಲ್ಲರೂ ಅದು ದಿನವೂ ತಿನ್ನುವ ಪ್ರಾಣಿಗಳ ಅಳತೆಗೆ ಇಳಿದಿರುತ್ತಾರೆ.

ಕತ್ತಲಲ್ಲಿ ಕಣ್ಣಿನ ಕೆಲಸವನ್ನು ದವಡೆ ಮಾಡುತ್ತದೆ. ಅಲಿಗೇಟರ್‌ನ ದವಡೆಯ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಗಳಂತೆ ಕಾಣುವ ಸಣ್ಣ ಗುಬುಟುಗಳಿವೆ. ನೀರಿನ ಮೇಲ್ಮೈಯಲ್ಲಿ ಏಳುವ ಅಲೆಯ ಸೂಕ್ಷ್ಮ ಕಂಪನವನ್ನು ಅವು ಗ್ರಹಿಸುತ್ತವೆ, ಒಂದು ಹನಿ ಬಿದ್ದರೂ ಅದು ಯಾವ ದಿಕ್ಕಿನಲ್ಲಿ ಬಿತ್ತೆಂದು ತಿಳಿಸುತ್ತವೆ. ಅಂಚಿನಲ್ಲಿ ಕೂತು ಕಾಲು ಬಡಿಯುವ ಮಗು ತಾನು ಎಲ್ಲಿದ್ದೇನೆಂದು ಕೂಗಿ ಹೇಳುತ್ತಿದೆ ಎಂದೇ ತಿಳಿಯಿರಿ.

2016ರ ಜೂನ್‌ನಲ್ಲಿ ಒರ್ಲ್ಯಾಂಡೊದ ಒಂದು ರೆಸಾರ್ಟ್‌ನಲ್ಲಿ ಎರಡು ವರ್ಷದ ಮಗುವನ್ನು ಅಲಿಗೇಟರ್ ಎಳೆದುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ರಾತ್ರಿ ಒಂಬತ್ತರ ಹೊತ್ತು, ಪಾದ ಮುಳುಗುವಷ್ಟು ನೀರು, ಪಕ್ಕದಲ್ಲೇ ತಂದೆ. ಆ ಮಗು ಈಜುತ್ತಿರಲಿಲ್ಲ. ಬೇಸಿಗೆಯ ಕತ್ತಲು, ನೀರಿನ ಅಂಚು, ಸಣ್ಣ ದೇಹ: ಈ ಮೂರೂ ಒಂದೆಡೆ ಸೇರಿದ್ದವು. ನನ್ನನ್ನು ಕೇಳುವ ಪ್ರತಿಯೊಬ್ಬ ತಂದೆತಾಯಿಗೂ ನಾನು ಇದನ್ನೇ ಒತ್ತಿ ಹೇಳುತ್ತೇನೆ: ನಿಮ್ಮ ಪ್ರವಾಸದ ಅತ್ಯಂತ ಅಪಾಯದ ಜಾಗ ಜೌಗಿನ ನಡು ಅಲ್ಲ, ನೀರು ನೆಲವನ್ನು ಮುಟ್ಟುವ ಆ ನಾಲ್ಕು ಅಡಿ ಅಂಚು. ದೋಣಿ ಹತ್ತುವಾಗ, ಇಳಿಯುವಾಗ, ಕೈ ತೊಳೆಯುವಾಗ, ಕಳಚಿದ ಚಪ್ಪಲಿ ಎತ್ತಿಕೊಳ್ಳುವಾಗ ಎಲ್ಲರ ಗಮನ ಬೇರೆಲ್ಲೋ ಇರುತ್ತದೆ.

ನಿಮ್ಮ ಅಮ್ಮ ಹೇಳುವುದನ್ನು ತಳ್ಳಿಹಾಕಬೇಡಿ. ಭಾರತದಲ್ಲಿ ಮೊಸಳೆಗೆ ಸಿಕ್ಕುವವರು ಹೆಚ್ಚಾಗಿ ಪ್ರವಾಸಿಗರಲ್ಲ, ದಿನವೂ ಅದೇ ದಡಕ್ಕೆ ಹೋಗಲೇಬೇಕಾದವರು: ಬಟ್ಟೆ ಒಗೆಯುವವರು, ಬಲೆ ಬೀಸುವವರು, ದನ ತೊಳೆಯುವವರು. ಅವರು ಕಲಿತ ಎಚ್ಚರ ಇಲ್ಲಿಗೂ ಸಲ್ಲುತ್ತದೆ. ಆದರೆ ಪ್ರಾಣಿ ಬೇರೆ. ಕಾಳಿ, ಕೃಷ್ಣಾ, ಕಾವೇರಿಗಳಲ್ಲಿ ಇರುವುದು ಮಗ್ಗರ್ ಮೊಸಳೆ. ಒಟ್ಟಾರೆ ನೋಡಿದರೆ ಮನುಷ್ಯರ ವಿಷಯದಲ್ಲಿ ಅಲಿಗೇಟರ್ ಅದಕ್ಕಿಂತ ಹಿಂಜರಿಯುವ ಪ್ರಾಣಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಮೆರಿಕದ ಕೈಪಿಡಿಗಳು ಅಗಲ ಮೂತಿಯದು ಅಲಿಗೇಟರ್, ಚೂಪು ಮೂತಿಯದು ಮೊಸಳೆ ಎಂದು ಕಲಿಸುತ್ತವೆ. ಅಲ್ಲಿಯ ಎರಡು ಜಾತಿಗಳ ಮಟ್ಟಿಗೆ ಅದು ಸರಿ. ಮಗ್ಗರ್‌ನ ಮೂತಿಯೂ ಅಗಲವೇ ಆದ್ದರಿಂದ ನಮ್ಮ ಕಡೆಯಿಂದ ಬಂದವರಿಗೆ ಎರಡೂ ಒಂದೇ ಎನಿಸುತ್ತದೆ. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೆಯ ಹಲ್ಲು ಹೊರಗೆ ಕಂಡರೆ ಅದು ಮೊಸಳೆ, ಕಾಣದಿದ್ದರೆ ಅಲಿಗೇಟರ್. ಒಕಿಫನೋಕಿಯಲ್ಲಿ ಮೊಸಳೆ ಇಲ್ಲ. ಮುಂದೆಂದಾದರೂ ಫ್ಲಾರಿಡಾದ ತುದಿಯಲ್ಲಿರುವ ಎವರ್‌ಗ್ಲೇಡ್ಸ್ ಜೌಗಿನ ದಕ್ಷಿಣದ ಉಪ್ಪುನೀರಿನ ಅಂಚಿಗೆ ಹೋದರೆ ಎರಡನ್ನೂ ಕಾಣುತ್ತೀರಿ; 2024ರ ಮಾರ್ಚ್‌ನಲ್ಲಿ ಅಲ್ಲಿಯ ಫ್ಲೆಮಿಂಗೊ ಎಂಬಲ್ಲಿ ದೋಣಿ ಮಗುಚಿ ದಡಕ್ಕೆ ಈಜುತ್ತಿದ್ದ ಒಬ್ಬರನ್ನು ಕಚ್ಚಿದ್ದು ಮೊಸಳೆ.

ಈಗ ಕೆನೂ. ಅಲಿಗೇಟರ್ ತಿನ್ನುವ ಉದ್ದೇಶದಿಂದ ಕೆನೂವಿನ ಮೇಲೆ ಬೀಳುವುದು ಬಹಳ ಅಪರೂಪ. ನೀವು ಹತ್ತಿರವಾದಂತೆ ದಡದಲ್ಲಿ ಮಲಗಿದ್ದದ್ದು ಧಡಾರನೆ ನೀರಿಗೆ ಜಾರುತ್ತದೆ. ಮೊದಲ ಬಾರಿ ನೋಡಿದವರು ಅದು ತಮ್ಮ ಮೇಲೆ ಬಂತೆಂದೇ ಕಿರುಚುತ್ತಾರೆ. ಅದು ಓಡಿಹೋಗುತ್ತಿರುತ್ತದೆ, ಅದರ ಪಾಲಿಗೆ ಅಡಗುವ ಜಾಗವೆಂದರೆ ಆಳದ ನೀರು, ಆ ನೀರು ಕೆಲವೊಮ್ಮೆ ನಿಮ್ಮ ದೋಣಿಯ ಅಡಿಯಲ್ಲೇ ಇರುತ್ತದೆ. ಮಗಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ, ಇಲ್ಲವಾದರೆ ಆಕೆ ಎದ್ದು ನಿಲ್ಲುತ್ತಾಳೆ, ದೋಣಿ ಮಗುಚುವುದು ಆಗಲೇ.

ಆದರೂ ಮಗುಚುವ ಇನ್ನೊಂದು ಬಗೆ ಇದೆ, ಅದನ್ನು ಮುಚ್ಚಿಡಲಾರೆ. 2025ರ ಮೇ ತಿಂಗಳಲ್ಲಿ ಫ್ಲಾರಿಡಾದ ಕಿಸಿಮಿ ಸರೋವರದ ಬಳಿ ದಂಪತಿ ಕೆನೂವಿನಲ್ಲಿ ಹೋಗುತ್ತಿದ್ದರು. ನೀರು ಸುಮಾರು ಎರಡೂವರೆ ಅಡಿ. ಕೆಳಗೆ ಮಲಗಿದ್ದ ದೊಡ್ಡ ಅಲಿಗೇಟರ್ ಮೇಲೆ ದೋಣಿ ಹಾದುಹೋಯಿತು. ಅದು ಹೊರಳಾಡಿದ ರಭಸಕ್ಕೆ ದೋಣಿ ಮಗುಚಿತು, ಹೆಂಡತಿ ಅದರ ಮೇಲೆಯೇ ಬಿದ್ದರು. ಗಂಡ ಬಿಡಿಸಲು ಹೆಣಗಿದರೂ ಅವರು ಉಳಿಯಲಿಲ್ಲ. ಇಲ್ಲಿ ನಡೆದದ್ದು ಬೇಟೆಯಲ್ಲ. ತಪ್ಪಿಸಿಕೊಳ್ಳಲು ಆಳ ಸಿಗದ ಒಂದು ದೊಡ್ಡ ಪ್ರಾಣಿ ಬೆದರಿತು, ಅಷ್ಟೇ.

ಇದನ್ನು ವಿವರವಾಗಿ ಹೇಳಲು ಕಾರಣವಿದೆ: ಒಕಿಫನೋಕಿಯ ಎಷ್ಟೋ ದೋಣಿದಾರಿಗಳು ಅಷ್ಟೇ ತೆಳುನೀರಿನವು. ನಾಲ್ಕು ಲಕ್ಷ ಎಕರೆಯಷ್ಟು ವಿಸ್ತಾರದ ಆ ಜೌಗಿನಲ್ಲಿ ನೆಲವೆಂದರೆ ಕೊಳೆತ ಸಸ್ಯಗಳ ಮೆತ್ತನೆಯ ಪದರ. ನೀರು ಎಲೆ-ತೊಗಟೆಗಳ ಒಗರಿನಿಂದ ಕಪ್ಪು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಒಂದು ಅಡಿ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಅಲಿಗೇಟರ್‌ಗಳು ಅಲ್ಲಿವೆ ಎಂಬ ಅಂದಾಜಿದೆ. ನೀರು ಇಳಿದ ವರ್ಷಗಳಲ್ಲಿ ಅವು ಹೂಳೆತ್ತಿದ ದೋಣಿದಾರಿಗಳಿಗೇ ಬಂದು ಸೇರುತ್ತವೆ, ಏಕೆಂದರೆ ಉಳಿದೆಡೆ ಮುಳುಗಲು ನೀರಿರುವುದಿಲ್ಲ. ಹಾಗಾಗಿ ನೀರಿನ ಮಟ್ಟವೇ ನಿಮ್ಮ ಸುರಕ್ಷತೆಯ ಬಹುದೊಡ್ಡ ಅಂಶ.

ಹುಟ್ಟು ಹಾಕುವಾಗ ದೋಣಿಯ ನಡುಭಾಗದಲ್ಲಿ ಮಗ ಕೂರಲಿ, ತಳಮಟ್ಟಕ್ಕೆ ಹತ್ತಿರವಾಗಿ. ಮಕ್ಕಳಿಗೆ ನೀರಿನಲ್ಲಿ ಕೈ ಇಳಿಬಿಟ್ಟು ಗೆರೆ ಎಳೆಯುವ ಆಸೆ ಬರುತ್ತದೆ, ಅದಕ್ಕೆ ಆಸ್ಪದ ಬೇಡ. ಮುಂದೆ ಕೂತವರು ಮಾತನಾಡುತ್ತಲೇ ಇರಲಿ. ತಿರುವು ಬಂದಾಗ ಹುಟ್ಟಿನ ಹಿಡಿಯಿಂದ ದೋಣಿಯ ಅಂಚನ್ನು ಎರಡು ಬಾರಿ ತಟ್ಟಿ. ಸದ್ದು ಕೇಳಿದ ಅಲಿಗೇಟರ್ ನೀವು ಕಾಣುವ ಮೊದಲೇ ದಾರಿ ಬಿಟ್ಟಿರುತ್ತದೆ. ಮುಂದೆ ಒಂದು ಮುಳುಗಿದ್ದನ್ನು ಕಂಡರೆ, ಅದು ಮುಳುಗಿದ ಜಾಗದ ಮೇಲೆ ದೋಣಿ ಸಾಗಿಸಬೇಡಿ. ನೀರು ಕಲಕಿ ಗುಳ್ಳೆಗಳ ಸಾಲು ಎತ್ತ ಹೋಗುತ್ತಿದೆ ಎಂದು ನೋಡಿ, ಅದಕ್ಕೆ ಆಳದ ಕಡೆ ಬಿಟ್ಟುಕೊಟ್ಟು, ನೀವು ಇನ್ನೊಂದು ಮಗ್ಗುಲಲ್ಲಿ ಸರಿದುಹೋಗಿ. ದಾರಿ ತೀರ ಕಿರಿದಾಗಿದ್ದರೆ ನಿಂತು ಕಾಯಿರಿ. ಹತ್ತು ನಿಮಿಷ ಕಾದರೆ ಯಾವ ನಷ್ಟವೂ ಇಲ್ಲ. ಫೋಟೊಗಾಗಿ ಹತ್ತಿರ ಹೋಗುವ ಚಟ ಬೇಡವೇ ಬೇಡ. ಅರವತ್ತು ಅಡಿ ದೂರವನ್ನು ರೂಢಿ ಮಾಡಿಕೊಳ್ಳಿ, ಕಿರಿದಾದ ದಾರಿಯಲ್ಲಿ ಅಷ್ಟು ಸಿಗದಿದ್ದರೆ ಸಿಕ್ಕಷ್ಟನ್ನು ಬಿಡದೆ ಬಳಸಿಕೊಳ್ಳಿ.

ಎದುರಿಗಿರುವುದು ಎಷ್ಟು ದೊಡ್ಡದೆಂದು ತಿಳಿಯಲು ಒಂದು ಹಳೆಯ ಅಳತೆ ಇದೆ. ಮೇಲೆ ಕಾಣುವ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎಷ್ಟು ಅಂಗುಲವೋ, ದೇಹ ಸುಮಾರು ಅಷ್ಟು ಅಡಿ. ಎಂಟು ಅಂಗುಲವಿದ್ದರೆ ಎಂಟು ಅಡಿಯ ಪ್ರಾಣಿ. ನಾಲ್ಕು ಅಡಿಯೊಳಗಿನವು ಮೀನು, ಕಪ್ಪೆ, ಬಸವನಹುಳು ತಿಂದುಕೊಂಡಿರುತ್ತವೆ, ಕೈ ಹಾಕದ ಹೊರತು ಮನುಷ್ಯರಿಗೆ ತೊಂದರೆ ಇಲ್ಲ. ಹೆಣ್ಣು ಹತ್ತು ಅಡಿ ದಾಟುವುದು ವಿರಳ. ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬಹುಮಟ್ಟಿಗೆ ಗಂಡು.

ಕಾಲ ಯಾವುದೆಂಬುದೂ ಮುಖ್ಯ. ನೀವು ಏಪ್ರಿಲ್ ಮೊದಲ ವಾರ ಆರಿಸಿದ್ದು ಒಳ್ಳೆಯದೇ. ಸುತ್ತಲಿನ ಉಷ್ಣತೆ 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವಾಗ ಅಲಿಗೇಟರ್ ಬಹುಮಟ್ಟಿಗೆ ಮೇವು ನಿಲ್ಲಿಸಿರುತ್ತದೆ, 13 ಡಿಗ್ರಿಗಿಂತ ಇಳಿದರೆ ಜಡವಾಗುತ್ತದೆ. ಏಪ್ರಿಲ್‌ನಲ್ಲಿ ಅವು ಗಂಟೆಗಟ್ಟಲೆ ಬಿಸಿಲು ಕಾಯಿಸುತ್ತ ದಡದ ಮೇಲಿರುತ್ತವೆ, ಅಂದರೆ ನಿಮ್ಮ ಕಣ್ಣಿಗೆ ಕಾಣುವಂತೆ ಇರುತ್ತವೆ. ಆದರೆ ಆ ತಿಂಗಳಿನಿಂದಲೇ ಪ್ರಣಯ ಶುರು. ಮುಂಜಾವಿನಲ್ಲಿ ಗಂಡುಗಳ ಮೊರೆತ ಕೇಳಿಸುತ್ತದೆ, ನೀರಿನೊಳಗೆ ಅರ್ಧ ಮುಳುಗಿದ ಅವುಗಳ ಬೆನ್ನಿನ ಮೇಲೆ ಹನಿಗಳು ಕುಣಿದಾಡುತ್ತವೆ, ನಮ್ಮ ಕಿವಿಗೆ ಎಟುಕದಷ್ಟು ಕೆಳಸ್ಥಾಯಿಯ ಸ್ವರದ ಕಂಪನದಿಂದ. ಮಕ್ಕಳನ್ನು ಬೆಳಿಗ್ಗೆ ಬೇಗ ಎಬ್ಬಿಸಿ ಅಟ್ಟಣೆಯ ಮೇಲೆ ಕೂರಿಸಿ ಅದನ್ನು ಕೇಳಿಸಿ, ಅದಕ್ಕಾಗಿಯೇ ಅಷ್ಟು ದೂರ ಹೋದರೂ ಸಾರ್ಥಕ.

ಮೇ, ಜೂನ್‌ನಲ್ಲಿ ಗಂಡುಗಳು ಜಾಗ ಬದಲಿಸುತ್ತ ಅಲೆಯುತ್ತವೆ, ಹಸಿವೂ ಹೆಚ್ಚು. 2006ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಒಂದೇ ವಾರದೊಳಗೆ ಮೂವರು ಮಹಿಳೆಯರು ಅಲಿಗೇಟರ್‌ಗೆ ಬಲಿಯಾದರು. ಅವರಲ್ಲೊಬ್ಬರು ಲೇಕ್ ಜಾರ್ಜ್ ಹತ್ತಿರ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿಕೊಂಡು ಈಜುತ್ತಿದ್ದರು. ಜೂನ್ ಕೊನೆ, ಜುಲೈ ಮೊದಲಲ್ಲಿ ಹೆಣ್ಣು ಸೊಪ್ಪು, ಮಣ್ಣು ಒಟ್ಟಿ ಗುಡ್ಡೆ ಮಾಡಿ ಮೊಟ್ಟೆ ಇಡುತ್ತದೆ. ಮಗ್ಗರ್‌ನಂತೆ ಮರಳಿನಲ್ಲಿ ಗುಂಡಿ ತೋಡುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮರಿ ಹೊರಬರುತ್ತದೆ. ಮರಿಗಳು ತಾಯಿಯ ಸುತ್ತ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಇರುವುದರಿಂದ ಏಪ್ರಿಲ್‌ನಲ್ಲೂ ಕಳೆದ ವರ್ಷದ ಮರಿಗಳ ಗುಂಪು ಕಾಣಸಿಗುತ್ತದೆ. ಕಪ್ಪು ಮೈಮೇಲೆ ಹಳದಿ ಪಟ್ಟಿ, ಒಂದು ಗೇಣಿಗಿಂತ ಸ್ವಲ್ಪ ಉದ್ದ, ಮಕ್ಕಳ ಕಣ್ಣಿಗೆ ಆಟಿಕೆಯೇ. ಅವುಗಳ ಕೀಚಲು ಕರೆ ಕೇಳಿದ ಕೂಡಲೇ ದೋಣಿಯನ್ನು ಹಿಂದೆ ಸರಿಸಿ. ತಾಯಿ ಕಾಣದಿದ್ದರೂ ಹತ್ತಿರದಲ್ಲೇ ಇರುತ್ತದೆ. ಅದು ಬುಸುಗುಟ್ಟಿದರೆ, ಬಾಯಿ ತೆರೆದು ಮೈ ಉಬ್ಬಿಸಿದರೆ, ನಿಮಗೆ ಹಿಂತಿರುಗಲು ಅವಕಾಶ ಕೊಡುತ್ತಿದೆ ಎಂದು ಅರ್ಥ. ಆ ಅವಕಾಶವನ್ನು ಬಳಸಿಕೊಳ್ಳಿ.

ರಾತ್ರಿಯ ವಾಸಕ್ಕೆ ಬರೋಣ. ಒಕಿಫನೋಕಿಯಲ್ಲಿ ಮನಬಂದಲ್ಲಿ ಡೇರೆ ಹಾಕುವಂತಿಲ್ಲ, ಹಾಕಲು ಒಣ ನೆಲವೂ ಹೆಚ್ಚಿಲ್ಲ. ಮೊದಲೇ ಅನುಮತಿ ಪಡೆದು, ನಿಮಗೆ ಗೊತ್ತುಮಾಡಿದ ಅಟ್ಟಣೆಯಲ್ಲೋ ದ್ವೀಪದಲ್ಲೋ ಉಳಿಯಬೇಕು, ಒಂದು ರಾತ್ರಿಗೆ ಒಂದೇ ತಂಡ. ಅಟ್ಟಣೆಗಳು ಕಂಬಗಳ ಮೇಲೆ ನಿಂತ ಮರದ ಹಲಗೆಯ ವೇದಿಕೆಗಳು, ಸುಮಾರು 20 ಅಡಿ ಅಗಲ, 28 ಅಡಿ ಉದ್ದ, ಒಂದು ಭಾಗಕ್ಕೆ ಸೂರು. ಸೂರ್ಯ ಮುಳುಗುವ ಮೊದಲು ಅಲ್ಲಿಗೆ ತಲುಪಿರಬೇಕು, ರಾತ್ರಿ ಅಲ್ಲೇ ಇರಬೇಕು. ಈ ನಿಯಮ ಸರಿಯಾಗಿಯೇ ಇದೆ, ಏಕೆಂದರೆ ಮುಸ್ಸಂಜೆಯಿಂದ ಮುಂಜಾವಿನವರೆಗೆ ಅಲಿಗೇಟರ್ ಅತ್ಯಂತ ಚುರುಕು. ಸಣ್ಣ ಮಕ್ಕಳಿರುವಾಗ ಹತ್ತು ಮೈಲಿಗಿಂತ ಹತ್ತಿರದ ಅಟ್ಟಣೆಯನ್ನೇ ಆರಿಸಿ, ಬೆಳಿಗ್ಗೆ ಬೇಗ ಹೊರಡಿ. ಕತ್ತಲಲ್ಲಿ ದಾರಿ ಹುಡುಕುತ್ತ ದಣಿದ ತಂಡವೇ ದೋಣಿ ಮಗುಚಿಕೊಳ್ಳುವುದು.

ಡೇರೆಯೊಳಗೆ ಮಲಗಿದವರ ಮೇಲೆ ಅಲಿಗೇಟರ್ ನುಗ್ಗುವುದೆಂದು ಹೆದರಬೇಡಿ. ಎತ್ತರಿಸಿದ ಹಲಗೆಯ ಮೇಲೆ ಮುಚ್ಚಿದ ಡೇರೆ ಒಳ್ಳೆಯ ಜಾಗ. ಹೆದರಬೇಕಾದ್ದು ಹಲಗೆಯ ಅಂಚಿಗೆ, ಅದರಲ್ಲೂ ದೋಣಿ ಕಟ್ಟುವ ತಗ್ಗಾದ ಭಾಗಕ್ಕೆ. ಅಲ್ಲಿ ಕಾಲು ಇಳಿಬಿಟ್ಟು ಕೂರುವುದು ಎಲ್ಲರಿಗೂ ಇಷ್ಟ, ಆದರೆ ಅದನ್ನು ಸಂಪೂರ್ಣ ನಿಷೇಧಿಸಿ. ಮಗ ಡೇರೆಯ ಹೊರಗಿರುವಷ್ಟು ಹೊತ್ತೂ ಲೈಫ್ ಜಾಕೆಟ್ ತೊಟ್ಟಿರಲಿ, ದೊಡ್ಡವರಲ್ಲಿ ಒಬ್ಬರು ಸರದಿಯ ಮೇಲೆ ಅವನನ್ನು ಮಾತ್ರ ನೋಡಿಕೊಳ್ಳಲಿ. ಆ ಸರದಿಯಲ್ಲಿದ್ದವರು ಅಡುಗೆ ಮಾಡುವುದಿಲ್ಲ, ಮೊಬೈಲ್ ಹಿಡಿಯುವುದಿಲ್ಲ. ಡೇರೆಯ ಬಾಗಿಲು ಅಟ್ಟಣೆಯ ನಡುವಿನ ಕಡೆಗೆ ತೆರೆದುಕೊಳ್ಳುವಂತೆ ಹಾಕಿ. ನಿದ್ದೆಗಣ್ಣಿನಲ್ಲಿ ಎದ್ದ ಮಗು ನೀರಿನ ಕಡೆ ನಡೆಯಬಾರದು, ರಾತ್ರಿ ಮೂತ್ರಕ್ಕೆ ಮುಚ್ಚಳದ ಪಾತ್ರೆಯೊಂದು ಡೇರೆಯ ಪಕ್ಕದಲ್ಲೇ ಇರಲಿ.

ಕುಡಿಯುವ, ಅಡುಗೆಯ ನೀರನ್ನೆಲ್ಲ ಹೊತ್ತೊಯ್ಯಿರಿ. ತೊಳೆಯಲು ಜೌಗಿನ ನೀರು ಬೇಕಾದರೆ ಬಕೆಟ್‌ಗೆ ಉದ್ದನೆಯ ಹಗ್ಗ ಕಟ್ಟಿ, ನಿಂತುಕೊಂಡೇ ಎಳೆದುಕೊಳ್ಳಿ, ಅಂಚಿನಲ್ಲಿ ಬಗ್ಗಬೇಡಿ. ಪಾತ್ರೆಯ ಮುಸುರೆಯನ್ನು ನೀರಿಗೆ ಸುರಿಯಬೇಡಿ, ಒರೆಸಿ ಚೀಲಕ್ಕೆ ಹಾಕಿ. ಚಿತ್ರಾನ್ನದ ಅಗುಳು ಮೀನನ್ನು ಕರೆಯುತ್ತದೆ, ಮೀನು ಅಲಿಗೇಟರನ್ನು ಕರೆಯುತ್ತದೆ. ಕತ್ತಲಾದ ಮೇಲೆ ದೋಣಿಯ ಬಳಿ ಹೋಗಲೇಬೇಕಾದರೆ ತಲೆಗೆ ಕಟ್ಟುವ ದೀಪವನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನೀರಿನ ಮೇಲೆ ನಿಧಾನವಾಗಿ ಹಾಯಿಸಿ. ಅಲಿಗೇಟರ್ ಕಣ್ಣು ಕೆಂಡದಂತೆ ಕೆಂಪಾಗಿ ಹೊಳೆಯುತ್ತದೆ. ಮೊದಲ ರಾತ್ರಿ ಅಂಥ ಹಲವು ಜೋಡಿ ಕಂಡು ಎದೆ ಝಲ್ಲೆನ್ನಬಹುದು. ದೂರದಲ್ಲಿ ಇರುವುದರಿಂದ ತೊಂದರೆಯಿಲ್ಲ. ಅಟ್ಟಣೆಯ ಬುಡದಲ್ಲೇ ಬೀಡುಬಿಟ್ಟು, ನೀವು ಬಂದೊಡನೆ ಓಡದೆ ಹತ್ತಿರ ಬರುವ ಒಂದಿದ್ದರೆ ಅದು ಬೇರೆ ಮಾತು.

ಏಕೆಂದರೆ ಯಾರೋ ಅದಕ್ಕೆ ತಿನ್ನಿಸಿದ್ದಾರೆ. ಮೇಲೆ ಹೇಳಿದ ಗಾತ್ರದ ಲೆಕ್ಕಾಚಾರ ಕಾಡಿನ ಅಲಿಗೇಟರ್‌ಗೆ ಸಲ್ಲುವಂಥದ್ದು. ಒಮ್ಮೆ ಬ್ರೆಡ್ಡಿನ ತುಂಡೋ ಮೀನಿನ ಕರುಳೋ ಮನುಷ್ಯನ ಕೈಯಿಂದ ಬಿದ್ದರೆ, ಎತ್ತರವಾಗಿ ಕಾಣುವ ಆ ಆಕೃತಿ ಭಯದ ಗುರುತಾಗಿ ಉಳಿಯುವುದಿಲ್ಲ, ಊಟದ ಗುರುತಾಗುತ್ತದೆ. ಟ್ಯಾಂಪಾ, ಒರ್ಲ್ಯಾಂಡೊ ಕಡೆಯ ಬಡಾವಣೆಗಳಲ್ಲಿ ಮನೆಯ ಹಿಂದೆಯೇ ಕೊಳವಿರುವ ನಮ್ಮವರಿಗೂ ಇದನ್ನು ಹೇಳಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿ ಮೀನು, ಆಮೆ, ಬಾತುಕೋಳಿಗೆ ಅನ್ನ, ಚಪಾತಿ ಹಾಕುವುದು ಪುಣ್ಯದ ಕೆಲಸ ಎಂದು ಭಾವಿಸುವವರಿದ್ದಾರೆ. ಆ ಮೀನುಗಳ ಹಿಂದೆ ಅಲಿಗೇಟರ್ ಬಂದೇ ಬರುತ್ತದೆ. ಅಲಿಗೇಟರ್‌ಗೇ ತಿನ್ನಿಸುವುದು ಫ್ಲಾರಿಡಾದಲ್ಲಿ ಅಪರಾಧ. ಅದಕ್ಕಿಂತ ನೋವಿನ ಸಂಗತಿ, ನಾಲ್ಕು ಅಡಿ ಅಥವಾ ಹೆಚ್ಚು ಉದ್ದದ್ದು ಜನರಿಗೆ ಕಂಟಕವೆಂದು ದೂರು ಬಂದರೆ ಅದನ್ನು ಹಿಡಿದು ಬೇರೆಡೆ ಬಿಡುವ ರೂಢಿ ಇಲ್ಲ. ಬಿಟ್ಟರೂ ತನ್ನ ಜಾಗಕ್ಕೆ ಮರಳಲು ಹೊರಡುತ್ತದೆ, ಹಾಗಾಗಿ ಸಾಮಾನ್ಯವಾಗಿ ಕೊಲ್ಲುತ್ತಾರೆ. 1967ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿ, ಎರಡು ದಶಕಗಳ ರಕ್ಷಣೆಯಿಂದ 1987ರಲ್ಲಿ ಚೇತರಿಸಿಕೊಂಡಿತೆಂದು ಘೋಷಿಸಲಾದ ಪ್ರಾಣಿ ಇದು. ಅದನ್ನು ಒಂದು ಹಿಡಿ ಅನ್ನದಿಂದ ಸಾವಿಗೆ ತಳ್ಳುವುದನ್ನು ನೋಡಲು ನನ್ನಿಂದಾಗದು. ದೋಣಿಯ ಕಡೆಗೆ ತಲೆಯೆತ್ತಿ ನೇರವಾಗಿ ಬರುವುದೊಂದು ಕಂಡರೆ ತಿಂಡಿ ಎಸೆದು ಸಾಗಹಾಕಲು ಹೋಗಬೇಡಿ, ಮುಖ ತಿರುಗಿಸದೆ ಹಿಂದೆ ಸರಿಯಿರಿ, ವಾಪಸಾದ ಮೇಲೆ ರೇಂಜರ್‌ಗಳಿಗೆ ಜಾಗ ಯಾವುದೆಂದು ತಿಳಿಸಿ.

ನಾಯಿಯ ವಿಷಯಕ್ಕೆ ಹೆಚ್ಚು ಮಾತು ಬೇಡ. ಗಾತ್ರ, ಬೊಗಳುವ ಸದ್ದು, ನೀರು ಕಲಕುವ ರೀತಿ, ಎಲ್ಲವೂ ಅಲಿಗೇಟರ್‌ಗೆ ಬೇಟೆಯ ಕರೆ. ಒಕಿಫನೋಕಿಯ ಕೆನೂ ದಾರಿಗಳಿಗೆ ಸಾಕುಪ್ರಾಣಿ ಒಯ್ಯುವಂತೆಯೂ ಇಲ್ಲ. ಸ್ನೇಹಿತರಿಗೆ ಬೇಸರವಾದರೂ ಇದರಲ್ಲಿ ರಾಜಿ ಬೇಡ.

ಈಜಿಗೆ ಜೌಗಿನಿಂದ ದಕ್ಷಿಣಕ್ಕೆ ಇಳಿದರೆ ಇಚೆಟಕ್ನಿ ಚಿಲುಮೆ ಹತ್ತಿರ. ಇನ್ನೂ ಕೆಳಗೆ ಹೋಗುವುದಾದರೆ ಒಕಾಲಾ ಅರಣ್ಯದ ಅಲೆಕ್ಸಾಂಡರ್ ಸ್ಪ್ರಿಂಗ್ಸ್, ಒರ್ಲ್ಯಾಂಡೊ ಬಳಿಯ ವೆಕೈವಾ. ಸುಣ್ಣಕಲ್ಲಿನ ಆಳದಿಂದ ಉಕ್ಕುವ ಈ ನೀರು ವರ್ಷವಿಡೀ ಸುಮಾರು 22 ಡಿಗ್ರಿ, ತಳದ ಮರಳು ಎಣಿಸುವಷ್ಟು ತಿಳಿ. ಸಿಬ್ಬಂದಿಯ ಕಣ್ಣಿರುತ್ತದೆ, ಜನಸಂಚಾರ ಇರುತ್ತದೆ, ಸುತ್ತಲಿನದು ಕಾಣುತ್ತದೆ, ಇವು ಸೇರಿ ಆ ಜಾಗವನ್ನು ಸುರಕ್ಷಿತವಾಗಿಸುತ್ತವೆ. ಆದರೆ ಆ ಸುರಕ್ಷತೆ ಹಗ್ಗದ ಆಚೆಗೆ ಮುಂದುವರಿಯುವುದಿಲ್ಲ. ಚಿಲುಮೆ ಹರಿದು ಹೊಳೆಯಾಗುವಲ್ಲಿ ಹುಲ್ಲು, ನೆರಳು, ಅಲಿಗೇಟರ್ ಮೂರೂ ಇರುತ್ತವೆ. ವಕುಲಾ ಚಿಲುಮೆಯಲ್ಲಿ 1987ರಲ್ಲಿ ಗುರುತಿಸಿದ ಜಾಗ ದಾಟಿ ಈಜಲು ಹೋದ ವಿದ್ಯಾರ್ಥಿಯೊಬ್ಬ ಹಾಗೆಯೇ ಪ್ರಾಣ ಕಳೆದುಕೊಂಡ. ಹಗ್ಗದ ಒಳಗೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಮಕ್ಕಳು ಮನದಣಿಯೆ ಈಜಲಿ.

ದೋಣಿ ಮಗುಚಿಯೇ ಬಿಟ್ಟರೆ ಏನು ಮಾಡಬೇಕೆಂದು ಮನೆಯಲ್ಲೇ ಮಾತನಾಡಿಕೊಂಡಿರಿ. ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರುತ್ತದೆ, ಹಾಗಾಗಿ ಮುಳುಗುವ ಭಯವಿಲ್ಲ. ದಡದ ಕಡೆ ಈಜಬೇಡಿ. ಅಲ್ಲಿ ದಡವೆಂದು ಕಾಣುವುದು ಹೆಚ್ಚಾಗಿ ತೇಲುವ ಹುಲ್ಲಿನ ಪದರ, ಕಾಲಿಟ್ಟರೆ ಕುಸಿಯುತ್ತದೆ. ಎಲ್ಲರೂ ದೋಣಿಗೆ ಅಂಟಿಕೊಂಡು ಒಂದೇ ದೊಡ್ಡ ಗುಂಪಾಗಿ ಇರಿ, ಮಕ್ಕಳನ್ನು ಮೊದಲು ಸ್ನೇಹಿತರ ದೋಣಿಗೆ ಹತ್ತಿಸಿ. ಈ ಕಾರಣಕ್ಕೇ ಎರಡು ಕೆನೂಗಳು ಒಂದರ ಹಿಂದೊಂದು, ಕೂಗಿದರೆ ಕೇಳಿಸುವಷ್ಟು ಹತ್ತಿರ ಸಾಗಬೇಕು. ನೆಲದ ಮೇಲೆ ಅಲಿಗೇಟರ್ ಅಟ್ಟಿ ಬಂದರೆ ಅಂಕುಡೊಂಕಾಗಿ ಓಡಬೇಕೆಂಬ ಮಾತು ಸುಳ್ಳು. ನೀರಿನಿಂದ ದೂರಕ್ಕೆ ನೇರವಾಗಿ ಓಡಿ, ಅದು ಹೆಚ್ಚು ದೂರ ಬರುವುದಿಲ್ಲ. ಹಿಡಿದೇ ಬಿಟ್ಟರೆ ಸುಮ್ಮನಿರಬೇಡಿ: ಕೂಗಿ, ಕಣ್ಣಿಗೆ ಬೆರಳು ಚುಚ್ಚಿ, ಮೂತಿಗೆ ಗುದ್ದಿ, ಕೈಗೆ ಸಿಕ್ಕಿದ್ದರಿಂದ ಹೊಡೆಯಿರಿ. ಇದು ಸುಲಭದ ಬೇಟೆಯಲ್ಲ ಎನಿಸಿದರೆ ಎಷ್ಟೋ ಸಲ ಬಿಟ್ಟುಬಿಡುತ್ತದೆ. ಗಾಯ ಸಣ್ಣದಾದರೂ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು, ಆ ಬಾಯಿಯಲ್ಲೂ ಆ ನೀರಿನಲ್ಲೂ ಇರುವ ಬ್ಯಾಕ್ಟೀರಿಯಾಗಳಿಂದ ಸೋಂಕು ಬೇಗ ಏರುತ್ತದೆ.

ಜೌಗಿನೊಳಗೆ ಮೊಬೈಲ್ ಸಂಪರ್ಕವನ್ನು ನಂಬಬೇಡಿ. ಯಾವ ರಾತ್ರಿ ಯಾವ ಅಟ್ಟಣೆ, ಯಾವ ದಿನ ಎಷ್ಟು ಹೊತ್ತಿಗೆ ಹೊರಬರುತ್ತೀರಿ ಎಂದು ಬರೆದು ಅಮ್ಮನ ಕೈಯಲ್ಲಿ ಕೊಟ್ಟು ಹೋಗಿ, ರೇಂಜರ್ ಕಚೇರಿಯ ಸಂಖ್ಯೆಯೊಡನೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬಾಡಿಗೆಗೆ ಸಿಕ್ಕರೆ ತೆಗೆದುಕೊಳ್ಳಿ. ಹೊರಡುವ ವಾರ ಅಭಯಾರಣ್ಯದ ಕಚೇರಿಗೆ ಕರೆ ಮಾಡಿ, ನಿಮ್ಮ ದಾರಿಯಲ್ಲಿ ನೀರು ಎಷ್ಟಿದೆ, ಅಟ್ಟಣೆಯ ಬಳಿ ಜನಕ್ಕೆ ಒಗ್ಗಿಹೋದ ಅಲಿಗೇಟರ್ ಇದೆಯೇ ಎಂದು ಎರಡೂ ಕೇಳಿ. ನೀರು ತೀರ ಇಳಿದಿದೆ ಎಂದು ಹೇಳಿದರೆ ರಾತ್ರಿಯ ವಾಸವನ್ನು ಕೈಬಿಡಿ. ಜೌಗಿನ ಪೂರ್ವಕ್ಕಿರುವ ಫೋಕ್‌ಸ್ಟನ್ ಊರಿನ ಕಡೆಯ ಸುವಾನಿ ಕಾಲುವೆ ಅಗಲವಾಗಿದೆ, ಅಲ್ಲಿ ಹಗಲು ಹೋಗಿ ಹಗಲೇ ಮರಳಬಹುದು. ಮಾರ್ಗದರ್ಶಕರ ಜೊತೆ ದೊಡ್ಡ ದೋಣಿಯಲ್ಲಿ ಹೋಗುವ ವ್ಯವಸ್ಥೆಯೂ ಅಲ್ಲಿದೆ, ಅದಕ್ಕೆ ಅಮ್ಮನನ್ನೂ ಕರೆದೊಯ್ಯಬಹುದು. ಅನುಮತಿ ಏಪ್ರಿಲ್‌ಗೆ ಸಿಗದೆ ಮೇ ಕೊನೆಗೆ ಸಿಕ್ಕರೆ, ಮಗನಿಗೆ ಇನ್ನೆರಡು ವರ್ಷ ತುಂಬುವವರೆಗೆ ಕಾಯಿರಿ.